ಹಿಟ್ಟಿನ ಕೋಳಿ ಕೂಗಿತು

ಕೇಳುಗರಿಗೆಲ್ಲ ನಮಸ್ಕಾರ. ಜೈನರ ಐದು ವ್ರತಗಳಲ್ಲಿ ಮೊದಲನೆಯದು ಅಹಿಂಸೆ. ಈ ಮಾತು ಎತ್ತಿದ ಕೂಡಲೇ ಜನ ನನ್ನನ್ನು ಕೇಳುವುದು ಎರಡೇ: ಸೊಳ್ಳೆ ಹೊಡೆಯಬಹುದಾ, ಆಲೂಗಡ್ಡೆ ತಿನ್ನಬಹುದಾ. ಇವತ್ತು ದಯವಿಟ್ಟು ಸೊಳ್ಳೆಯನ್ನು ಅದರ ಪಾಡಿಗೆ ಬಿಡಿ. ಸಂಸಾರಿಗಳಿಗೆ ಶಾಸ್ತ್ರ ತುಂಬ ಸರಳವಾಗಿ ಹೇಳಿದೆ. ಒಲೆ ಹಚ್ಚುವಾಗ, ಹೊಲ ಉಳುವಾಗ, ಮೇಲೆ ಬಿದ್ದವನನ್ನು ತಡೆಯುವಾಗ ಆಗುವ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಿಕೊಳ್ಳಿ. ಮನಸ್ಸು ಮಾಡಿ ಕೊಲ್ಲುವುದಿದೆಯಲ್ಲ, ಸಂಕಲ್ಪಿ ಹಿಂಸೆ, ಅದನ್ನು ಪೂರ್ತಿ ಬಿಡಿ. ಅಂದರೆ ಕತ್ತಿ ಯಾರ ಕೈಯಲ್ಲಿದೆ ಅಂತಲ್ಲ, ಮನಸ್ಸು ಮಾಡಿದವರು ಯಾರು ಅಂತ ನೋಡಬೇಕು.

ಇದಕ್ಕೆ ಕವಿ ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯ ಕತೆ ಹೇಳದೆ ನನ್ನ ಕೈಲಿ ಆಗುವುದಿಲ್ಲ. ಯಶೋಧರ ಉಜ್ಜಯಿನಿಯ ರಾಜ. ಹೆಂಡತಿ ಅಮೃತಮತಿ ಒಬ್ಬ ಮಾವುತನ ಹಾಡಿಗೆ ಮರುಳಾಗಿ ರಾತ್ರಿ ಅವನ ಹತ್ತಿರ ಹೋಗುತ್ತಾಳೆ. ರಾಜ ಕಣ್ಣಾರೆ ನೋಡುತ್ತಾನೆ, ಕತ್ತಿ ಎತ್ತುತ್ತಾನೆ, ತಡೆದುಕೊಂಡು ವಾಪಸ್ ಬರುತ್ತಾನೆ. ಬೆಳಗ್ಗೆ ಅವನ ಮುಖ ನೋಡಿ ತಾಯಿ ಚಂದ್ರಮತಿಗೆ ಗಾಬರಿ. ನಿಜ ಹೇಳಲಾಗದೆ ಕೆಟ್ಟ ಕನಸು ಅಂತಾನೆ. ಹಾಗಾದರೆ ಮಾರಿಗೆ ಬಲಿ ಕೊಡು ಅಂತಾಳೆ ತಾಯಿ. ಪ್ರಾಣಿ ಕೊಲ್ಲಲಾರೆ ಅಂತಾನೆ ಮಗ. ಕೊನೆಗೆ ಇಬ್ಬರೂ ಒಂದು ಉಪಾಯ ಮಾಡಿ, ಹಿಟ್ಟಿನಲ್ಲಿ ಕೋಳಿ ಮಾಡಿಸಿ, ಜೀವ ಇಲ್ಲದ್ದಕ್ಕೆ ಪಾಪವೂ ಇಲ್ಲ ಅಂತ ಸಮಾಧಾನ ಮಾಡಿಕೊಂಡು ಕತ್ತಿ ಬೀಸಿದರೆ, ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ! ಅದರ ಅಂದಕ್ಕೆ ಮೆಚ್ಚಿ ಬೆಂತರವೊಂದು, ಅಂದರೆ ಒಂದು ದೆವ್ವ, ಒಳಗೆ ಸೇರಿತ್ತು. ಆಮೇಲೆ ಅಮೃತಮತಿ ಇಬ್ಬರಿಗೂ ವಿಷ ಹಾಕುತ್ತಾಳೆ. ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟುತ್ತಾರೆ. ಆಮೇಲೂ ಬಿಡುಗಡೆ ಇಲ್ಲ, ಪ್ರಾಣಿ ಜನ್ಮದ ಮೇಲೆ ಪ್ರಾಣಿ ಜನ್ಮ. ಹಿಟ್ಟು ತುಂಡಾಗಿದ್ದಕ್ಕಲ್ಲ, ಮನಸ್ಸು ಮಾಡಿದ್ದಕ್ಕೆ.

 ಇದು ಹಳೇ ಕತೆ ಅಂತ ಬಿಡಬೇಡಿ, ನಮ್ಮ ಕಾಲಕ್ಕೂ ಸಲ್ಲುತ್ತದೆ.

2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಟು ಹೊಟ್ಟೆಯಲ್ಲಿರುವ ಮಗು ಹೆಣ್ಣೋ ಗಂಡೋ ಹೇಳುತ್ತಿದ್ದದ್ದು ಬಯಲಾಯಿತು. ಇದರ ವಿರುದ್ಧ 1994ರಲ್ಲೇ ಕಾನೂನು ಬಂದಿದೆ. ಎಲ್ಲರೂ ಸ್ಕ್ಯಾನ್ ಮಾಡಿದವರನ್ನು ಬೈದರು, ಸರಿ. ಆದರೆ ಮನೆಯಲ್ಲಿ ಕೂತು ಈ ಸಲ ಹೆಣ್ಣು ಬೇಡ, ತೆಗೆಸಿಬಿಡಿ ಅಂದವರು ಯಾರು? ಅತ್ತೆ, ಮಾವ, ಗಂಡ. ಕೈ ಬೇರೆಯವರದು, ಮನಸ್ಸು ಇವರದು.

ಪಾಯಿಖಾನೆಯ ಪಿಟ್ ಗುಂಡಿ ವಿಷಯವೂ ಅಷ್ಟೇ. ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಒಳಗೆ ಇಳಿಸಬಾರದು ಎಂದು 2013ರ ಕಾನೂನು ಹೇಳುತ್ತದೆ. ಒಳಗೆ ವಿಷಗಾಳಿ ಅಂತ ಗೊತ್ತಿದ್ದೂ, ಮಷೀನ್ ತರಿಸಿದರೆ ದುಡ್ಡು ಜಾಸ್ತಿ ಅಂತ ಆಳನ್ನು ಇಳಿಸಿದರೆ? ಸಾಯಲಿ ಅಂತ ಇಳಿಸಿಲ್ಲ ಸಾರ್ ಅಂತೀರಿ. ನನ್ನ ಲೆಕ್ಕದಲ್ಲಿ ಅದೂ ಮನಸ್ಸು ಮಾಡಿದ ಹಾಗೇ.

ಹಾಗಾದರೆ ವಾಸಿಯಾಗುವ ಆಸೆಯೇ ಇಲ್ಲದವರ ವೆಂಟಿಲೇಟರ್ ತೆಗೆಯುವುದು? ರೋಗಿ ಮೊದಲೇ ಬರೆದಿಟ್ಟಿದ್ದರೆ ಅದಕ್ಕೆ 2018ರಲ್ಲಿ ಸುಪ್ರೀಂ ಕೋರ್ಟ್ ದಾರಿ ಮಾಡಿಕೊಟ್ಟಿದೆ. ಅಲ್ಲಿ ಕೊಲ್ಲುವ ಮನಸ್ಸು ಇಲ್ಲ, ಆದ್ದರಿಂದ ನನ್ನದು ಒಪ್ಪಿಗೆ. ಆಸ್ತಿ ಬೇಗ ಸಿಗಲಿ ಅಂತ ತೆಗೆಸಿದರೆ ಅದೇ ಹಿಟ್ಟಿನ ಕೋಳಿ. ಊಟ ನೀರು ಬಿಡುತ್ತಾ ಸಾವನ್ನು ಬರಮಾಡಿಕೊಳ್ಳುವ ಜೈನರ ಸಲ್ಲೇಖನ ವ್ರತದ ಬಗ್ಗೆಯೂ ಹೇಳಬೇಕಿತ್ತು. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಅಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸಮಯ ಮುಗೀತು ಅಂತ ಸ್ಟುಡಿಯೋ ಗಾಜಿನ ಆಚೆಯಿಂದ ಕೈಸನ್ನೆ ಆಗ್ತಿದೆ, ನಮಸ್ಕಾರ.