ಪಾಪ ಹತ್ತೋದು ಯಾರಿಗೆ?

ನಮಸ್ಕಾರ್ರೀ. ಇವತ್ತು ಒಂದೇ ಒಂದು ಶಬ್ದದ ಬಗ್ಗೆ ಮಾತಾಡಬೇಕು. ಪಾಪ.

ಜನವರಿಯಲ್ಲಿ ಕಲಬುರಗಿಯಲ್ಲಿ ತೊಗರಿ ಮಾರೋ ಕಡೆ ನಿಂತಿದ್ದೆ. ಹಳ್ಳಿಯಿಂದ ಒಬ್ಬ ಮುತ್ಯಾ, ಅಂದರೆ ಅಜ್ಜ, 11 ಚೀಲ ತಂದಿದ್ದ. ತೂಕ ಮಾಡಿದವನು ಚೀಲಕ್ಕೆ 2 ಕಿಲೋ ಕಡಿದು ಬರೆದುಕೊಂಡ, ಯಾಕೆ ಅಂದರೆ "ಕಸ ಅದ" ಅಂದ. ಮುತ್ಯಾ ಒಂದು ಹಿಡಿ ತೊಗರಿ ಅಂಗೈಯಲ್ಲಿ ತಗೊಂಡು, ಉಫ್ ಅಂತ ಊದಿ, "ಎಲ್ಲದ ಕಸ, ತೋರ್ಸಪಾ" ಅಂತ ಕೈ ಮುಂದೆ ಚಾಚಿದ. ಅವನು ಆ ಕೈ ಕಡೆ ನೋಡಲೂ ಇಲ್ಲ. ಸುತ್ತ ನಿಂತವರು ಏನಂದರು ಗೊತ್ತಾ? "ಪಾಪ, ಮುತ್ಯಾ." ನಾನೂ ಅದನ್ನೇ ಅಂದೆ.

ಮೋಸ ಮಾಡಿದವನು ಒಬ್ಬ, ಪಾಪ ಅನ್ನೋ ಮಾತು ಬಿದ್ದದ್ದು ಇನ್ನೊಬ್ಬನ ಮೇಲೆ! ಕೆಟ್ಟ ಕೆಲಸವೂ ಪಾಪ, ಅಯ್ಯೋ ಅನ್ನೋ ಮರುಕವೂ ಪಾಪ. ಪಾಪಿ ಅಂದರೆ ಬೈಗುಳ, ಪಾಪದವನು ಅಂದರೆ ಸಾಧು ಮನುಷ್ಯ. ಮರುಕ ಬೇಡ ಅಂತ ಅಲ್ಲ, ಅದು ಚೆಂದದ ಅರ್ಥವೇ. ಆದರೆ ಅಷ್ಟು ಅಂದ ಕೂಡಲೇ ನಮ್ಮ ಕೆಲಸ ಮುಗೀತು ಅನಿಸಿಬಿಡುತ್ತದೆ, ಮಾಡಿದವನು ಆರಾಮಾಗಿ ಮುಂದಿನ ಚೀಲಕ್ಕೆ ಹೋಗುತ್ತಾನೆ.

ನಮ್ಮ ಕಡೆ ಅಪರಾಧಕ್ಕೆ ಗುನ್ನೆ ಅನ್ನೋ ಶಬ್ದವೂ ಇದೆ. ಪೊಲೀಸ್ ಕಾಗದದಲ್ಲಿ "ಗುನ್ನೆ ನಂಬರ್" ಅಂತ ಬರೆಯುತ್ತಾರೆ. 1948ರ ತನಕ ಇಲ್ಲಿ ನಿಜಾಮರ ಆಡಳಿತ, ಕಚೇರಿಯ ಭಾಷೆ ಉರ್ದು. ಗುನ್ನೆಯ ಮೂಲ ಗುನಾಹ್. ಉರ್ದುವಿನಲ್ಲಿ ಗುನಾಹ್ ಅಂದರೆ ಹೆಚ್ಚಾಗಿ ದೇವರ ಮುಂದಿನ ಪಾಪ, ಕೋರ್ಟಿನ ಅಪರಾಧಕ್ಕೆ ಜುರ್ಮ್ ಅನ್ನೋ ಬೇರೆ ಶಬ್ದವೇ ಇದೆ. ನಮ್ಮ ಠಾಣೆಯಲ್ಲಿ ನೋಡಿದರೆ ಗುನ್ನೆಗೇ ನಂಬರ್ ಹತ್ತಿತು. ಆದರೆ ಚೀಲಕ್ಕೆ 2 ಕಿಲೋ ತೊಗರಿ ಹೋದರೆ ಯಾರು ನಂಬರ್ ಕೊಡುತ್ತಾರೆ? ಅಂಥದ್ದಕ್ಕೆ ನಮ್ಮ ಹತ್ತಿರ ಉಳಿಯೋದು ಪಾಪ ಒಂದೇ, ಅಲ್ವಾ.

ನಮ್ಮ ಆಯಿಗೆ ಇದು ಸರಿಯಾಗಿ ಗೊತ್ತಿತ್ತು. ಯಾರಾದರೂ ಕೂಲಿ ಹಣ ಕೊಡದೆ ಸತಾಯಿಸಿದರೆ, ಅವರ ಮನೆ ಮುಂದೆಯೇ ಹೋಗುತ್ತಾ, ಅವರಿಗೆ ಕೇಳೋ ಹಂಗೆ, "ದುಡದವರ ರೊಕ್ಕ ತಿಂದಾನ, ಅವಂಗ ಪಾಪ ಹತ್ತತದ" ಅನ್ನುತ್ತಿದ್ದಳು. ಅವಳ ಬಾಯಲ್ಲಿ ಪಾಪ ಯಾವತ್ತೂ ಮನೆ ತಪ್ಪಲಿಲ್ಲ.

ಮುತ್ಯಾನ 11 ಚೀಲಕ್ಕೆ 22 ಕಿಲೋ ಹೋಯ್ತು. ಬರೆದುಕೊಂಡವನ ಮುಖ ನೋಡಿ ಹೇಳಬೇಕಿದ್ದ ಶಬ್ದವನ್ನು ನಾನು ಮುತ್ಯಾನ ಬೆನ್ನು ನೋಡಿ ಹೇಳಿದೆ.