ಪಂಪನಿಂದ ಶುರು ಮಾಡ್ಬೇಡಿ: ಕನ್ನಡ ಕ್ಲಾಸಿಕ್ಸ್ ಓದೋಕೆ ಒಂದು ವರ್ಷದ ಪ್ಲಾನ್

ನಮಸ್ಕಾರ ಎಲ್ರಿಗೂ. ಡಿಸೆಂಬರ್ ಕೊನೆ ವಾರ ಬಂತು ಅಂದ್ರೆ ವಾಟ್ಸಾಪ್ ಗ್ರೂಪಲ್ಲಿ ಒಂದು ಲಿಸ್ಟ್ ಬರತ್ತೆ ನೋಡಿ, ಕನ್ನಡಿಗರು ಓದಲೇಬೇಕಾದ ಪುಸ್ತಕಗಳು ಅಂತ, ಅದ್ರಲ್ಲಿ ಪಂಪ ಫಸ್ಟು, ಆಮೇಲೆ ರನ್ನ, ಆಮೇಲೆ ಜನ್ನ, ಹಾಗೇ ಇಸವಿ ಪ್ರಕಾರ ಕೆಳಗಿಳೀತಾ ಹೋಗತ್ತೆ. ಹೊಸ ವರ್ಷದ ಹುಮ್ಮಸ್ಸಲ್ಲಿ ಪಂಪಭಾರತ ತಂದು, ಮೊದಲನೇ ಪದ್ಯಕ್ಕೇ ತಲೆ ಗಿರ್ರ್ ಅಂದು, ಸಂಕ್ರಾಂತಿ ಹೊತ್ತಿಗೆ ಆ ಪುಸ್ತಕ ಟಿವಿ ಸ್ಟ್ಯಾಂಡ್ ಮೇಲೆ ಹೋಗಿ ಕೂತಿರತ್ತೆ. ತಪ್ಪು ಓದೋರದ್ದಲ್ಲ, ಆರ್ಡರ್ದು. ಸಾವಿರ ವರ್ಷದ ಹಿಂದಿನ ಭಾಷೆ ಜನವರೀಲಿ ಕೈಗೆ ಕೊಟ್ರೆ ಯಾರಿಗೆ ತಾನೇ ಆಗತ್ತೆ?

ಅದಕ್ಕೆ ಇವತ್ತಿನ ವಿಡಿಯೋದಲ್ಲಿ ಉಲ್ಟಾ ಹೋಗೋಣ. ಇಪ್ಪತ್ತನೇ ಶತಮಾನದ ಸಣ್ಣ ಪುಸ್ತಕದಿಂದ ಶುರು ಮಾಡಿ, ಡಿಸೆಂಬರಲ್ಲಿ ಪಂಪನ ಹತ್ರ ಹೋಗೋದು. ಇನ್ನೊಂದು ವಿಷ್ಯ, ನಾನು ನಿಮ್ಗೆ ಪುಸ್ತಕದ ಹೆಸರು ಕೊಡಲ್ಲ, ತಿಂಗಳಿಗೊಂದು ಪ್ರಾಂಪ್ಟ್ ಕೊಡ್ತೀನಿ. ಪ್ರಾಂಪ್ಟ್ ಅಂದ್ರೆ ಒಂದು ಸಾಲಿನ ಷರತ್ತು ಅಷ್ಟೇ, ಅದಕ್ಕೆ ಹೊಂದೋ ಪುಸ್ತಕ ಹುಡ್ಕೋದು ನಿಮ್ಮ ಕೆಲ್ಸ. ಉದಾಹರಣೆಗೆ ಹೆಸರು ಹೇಳ್ತೀನಿ, ಅದನ್ನೇ ಓದ್ಬೇಕು ಅಂತೇನಿಲ್ಲ.

[ಸ್ಕ್ರೀನ್ ಮೇಲೆ: ಜನವರಿ – ಒಂದು ಭಾನುವಾರದಲ್ಲಿ ಮುಗಿಯೋ ಪುಸ್ತಕ]

ಮಾಸ್ತಿಯವರ 'ಸುಬ್ಬಣ್ಣ' 1928ರದ್ದು, ಕಾರಂತರ 'ಚೋಮನ ದುಡಿ' 1933ರದ್ದು, ಎರಡೂ ತೆಳ್ಳಗಿವೆ. ಜನವರೀಲಿ ಬೇಕಾಗಿರೋದು ಒಂದು ಪುಸ್ತಕ ಮುಗಿಸಿದ ಖುಷಿ, ಬೇರೇನಲ್ಲ.

ಫೆಬ್ರವರಿ ಪ್ರಾಂಪ್ಟು: ನೀವು ಸಿನಿಮಾ ನೋಡಿರೋ ಕಾದಂಬರಿ. ಇದಂತೂ ನನ್ನ ಫೇವರಿಟ್. 'ಸಂಸ್ಕಾರ' ತಗೊಳ್ಳಿ, ಪುಸ್ತಕ ಬಂದಿದ್ದು 1965, ಸಿನಿಮಾ 1970, ಪ್ರಾಣೇಶಾಚಾರ್ಯ ಆಗಿ ಗಿರೀಶ್ ಕಾರ್ನಾಡ್, ನಾರಣಪ್ಪ ಆಗಿ ಲಂಕೇಶ್, ಮೊದಲು ಸೆನ್ಸಾರ್‌ನವ್ರು ತಡೆದಿದ್ರು ಕೂಡ. ಸಿನಿಮಾ ನೋಡಿದೋರಿಗೆ ಕತೆ ಗೊತ್ತು, ನಾರಣಪ್ಪನ ಹೆಣ ಅಗ್ರಹಾರದಲ್ಲೇ ಬಿದ್ದಿದೆ, ಯಾರು ಸಂಸ್ಕಾರ ಮಾಡ್ಬೇಕು ಅನ್ನೋದು ಪ್ರಶ್ನೆ. ಆದ್ರೆ ಪುಸ್ತಕದ ಕೊನೇ ಭಾಗದಲ್ಲಿ ಆಚಾರ್ಯರು ದಾರೀಲಿ ಸಿಕ್ಕ ಪುಟ್ಟ ಅನ್ನೋನ ಜೊತೆ ಮೇಳಿಗೆ ಜಾತ್ರೇಲಿ ಸುತ್ತಾಡ್ತಾರಲ್ಲ, ಆ ಪುಟ್ಟ ಬಾಯಿ ಮುಚ್ಚದೆ ಮಾತಾಡ್ತಾ ಇರ್ತಾನೆ, ಇವರ ತಲೆ ಒಳಗೆ ಬೇರೇನೇ ನಡೀತಾ ಇರತ್ತೆ, ಆ ಒಳಗಿನ ಮಾತು ಕ್ಯಾಮೆರಾಗೆ ಸಿಗೋದು ಕಷ್ಟ. ಎರಡನ್ನೂ ಪಕ್ಕಪಕ್ಕ ಇಟ್ಕೊಂಡ್ರೆ ಕಾದಂಬರಿ ಏನು ಮಾಡಬಲ್ಲದು ಅಂತ ಯಾವ ಮೇಷ್ಟ್ರೂ ಹೇಳ್ಕೊಡೋದು ಬೇಡ.

ಮಾರ್ಚ್: ಹೆಣ್ಣುಮಕ್ಕಳು ಬರೆದಿದ್ದು. (ಬೇರೆ ತಿಂಗಳಲ್ಲಿ ಓದ್ಬಾರ್ದು ಅಂತಲ್ಲ ಮಾರಾಯ್ರೇ, ಲಿಸ್ಟ್ ಮಾಡೋರು ಇವರನ್ನ ಮರ್ತೇ ಬಿಡ್ತಾರೆ ಅಂತ ಒಂದು ತಿಂಗಳು ರಿಸರ್ವ್ ಮಾಡಿದೀನಿ.) ತ್ರಿವೇಣಿ, ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', ಇಲ್ಲಾಂದ್ರೆ ಕೊಡಗಿನ ಗೌರಮ್ಮನ ಕತೆಗಳು. ಗೌರಮ್ಮ ತೀರ್ಕೊಂಡಿದ್ದು 1939ರಲ್ಲಿ, ಆಗ ಅವರಿಗೆ 27 ವರ್ಷ, ಅಷ್ಟರಲ್ಲೇ ಬರೆದಿರೋ ಕತೆಗಳಿವು. ಇಲ್ಲೊಂದು ಉಪಯೋಗದ ಮಾತು: ನಮ್ಮ ದೇಶದ ಕಾನೂನಲ್ಲಿ ಲೇಖಕರು ತೀರ್ಕೊಂಡು 60 ವರ್ಷ ಕಳೆದ ಮೇಲೆ ಪುಸ್ತಕದ ಕಾಪಿರೈಟ್ ಮುಗಿಯತ್ತೆ, ತ್ರಿವೇಣಿಯವರು ಹೋಗಿದ್ದು 1963ರಲ್ಲಿ, ಲೆಕ್ಕ ಹಾಕ್ಕೊಳ್ಳಿ. ಕದ್ದ ಪಿಡಿಎಫ್ ಹುಡ್ಕೋ ಅಗತ್ಯ ಇಲ್ಲ.

ಏಪ್ರಿಲ್‌ಗೆ ನಾಟಕ, ಷರತ್ತೇನಂದ್ರೆ ಜೋರಾಗಿ ಓದ್ಬೇಕು, ಸಾಧ್ಯ ಆದ್ರೆ ಮನೇಲಿ ಇಬ್ಬರು ಮೂವರು ಪಾತ್ರ ಹಂಚ್ಕೊಂಡು. ಕೈಲಾಸಂ 'ಟೊಳ್ಳು ಗಟ್ಟಿ' ಆದ್ರೆ ನಗು, ಕಾರ್ನಾಡರ 'ತುಘಲಕ್' ಆದ್ರೆ ಸ್ವಲ್ಪ ಗಂಭೀರ.

[ಸ್ಕ್ರೀನ್ ಮೇಲೆ: ಕರ್ನಾಟಕದ ನಕ್ಷೆ. ಮೇ – ನಿಮ್ಮೂರಿನ ಕಾದಂಬರಿ]

ಮೇ ತಿಂಗಳು ರಜಾ, ಹೆಂಗೂ ಊರಿಗೆ ಹೋಗ್ತೀರ. ಅದಕ್ಕೆ ನಿಮ್ಮ ಸೀಮೆಯ ಪುಸ್ತಕ. ಕೊಡಗಿನೋರಿಗೆ 'ಚಿಕವೀರ ರಾಜೇಂದ್ರ', ಚಿತ್ರದುರ್ಗದೋರಿಗೆ ತರಾಸು ಅವರ 'ದುರ್ಗಾಸ್ತಮಾನ', ಕುಂದಾಪುರದ ಕಡೆಯೋರಿಗೆ 'ಮರಳಿ ಮಣ್ಣಿಗೆ', ಉತ್ತರ ಕರ್ನಾಟಕದೋರಿಗೆ ರಾವಬಹಾದ್ದೂರರ 'ಗ್ರಾಮಾಯಣ', ನಂಜನಗೂಡಿನ ಕಡೆಯೋರಿಗೆ ದೇವನೂರ ಮಹಾದೇವ. ಕಾಸರಗೋಡಿನೋರಿಗೆ ನಿರಂಜನರ 'ಚಿರಸ್ಮರಣೆ' ಇದೆ, ಕಯ್ಯೂರಿನ ರೈತರ ಹೋರಾಟದ್ದು.

ಜೂನ್, ಜುಲೈ ಎರಡೂ ಸೇರಿಸಿ ಒಂದೇ ಪ್ರಾಂಪ್ಟು: ದಪ್ಪ ಅಂತ ಮುಂದೂಡ್ತಾ ಬಂದಿರೋ ಪುಸ್ತಕ. ಹನ್ನೆರಡು ತಿಂಗಳಿಗೆ ಹನ್ನೆರಡೇ ಪುಸ್ತಕ ಅಂತ ಹಠ ಹಿಡಿದ್ರೆ 'ಮಲೆಗಳಲ್ಲಿ ಮದುಮಗಳು' ನಿಮ್ಮ ಜನ್ಮದಲ್ಲಿ ಬರಲ್ಲ. ಏಳುನೂರು ಪುಟದ ಆಸುಪಾಸು ಇದೆ, ಎರಡು ತಿಂಗಳಿಗೆ ಹರಡಿದ್ರೆ ದಿನಕ್ಕೆ 12 ಪುಟ ಅಷ್ಟೇ. ಹೊರಗೆ ಮಳೆ, ಪುಸ್ತಕದೊಳಗೂ ಮಲೆನಾಡಿನ ಮಳೆ, ಇದನ್ನ ಏಪ್ರಿಲ್ ಬಿಸಿಲಲ್ಲಿ ಓದೋದು ಪಾಪ ಅಂತೀನಿ ನಾನು. ಜನ ಇದನ್ನ ಅರ್ಧಕ್ಕೆ ಬಿಡೋದು ಭಾಷೆಯಿಂದಲ್ಲ, ಹೆಸರುಗಳಿಂದ. ಗುತ್ತಿ ಯಾರ ಆಳು, ಚಿನ್ನಮ್ಮ ಯಾರ ಮಗಳು, ಐತ-ಪೀಂಚಲು ಎಲ್ಲಿರ್ತಾರೆ, ಐವತ್ತು ಪುಟ ಆಗೋಷ್ಟರಲ್ಲಿ ಎಲ್ಲಾ ಕಲಸಿಹೋಗತ್ತೆ. ಒಂದು ರಟ್ಟಿನ ಚೂರಲ್ಲಿ ಮನೆಗಳ ಹೆಸರು ಬರ್ಕೊಳ್ಳಿ: ಸಿಂಬಾವಿ, ಹಳೆಮನೆ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ. ಯಾರಾದ್ರೂ ಹೊಸಬ್ರು ಬಂದ ತಕ್ಷಣ ಅವರ ಮನೆ ಕೆಳಗೆ ಹೆಸರು ಸೇರಿಸಿ, ಅದೇ ಬುಕ್‌ಮಾರ್ಕು. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಮೊದಲೇ ಹೇಳ್ಬಿಟ್ಟಿದಾರೆ, ಸೋ ಹೀರೋ ಯಾರು ಅಂತ ಹುಡುಕ್ಬೇಡಿ.

ಆಗಸ್ಟು ಅನುವಾದ. ಬಂಗಾಳಿ, ರಷ್ಯನ್, ಯಾವುದಾದ್ರೂ ಆಗ್ಲಿ, ಕನ್ನಡದಲ್ಲಿ ಓದಿ. ಜೂನ್-ಜುಲೈ ಇನ್ನೂ ಮುಗಿದಿಲ್ಲ ಅಂದ್ರೆ ಇದನ್ನ ಆರಾಮಾಗಿ ಸ್ಕಿಪ್ ಮಾಡಿ.

ಸೆಪ್ಟೆಂಬರಿಂದ ಭಾಷೆ ಹಿಂದಕ್ಕೆ ನಡೆಯೋಕೆ ಶುರು. ಪ್ರಾಂಪ್ಟು: 1900ರ ಆಸುಪಾಸಿನ ಅಥವಾ ಅದಕ್ಕಿಂತ ಮುಂಚಿನ ಗದ್ಯ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರದ್ದು, ವಿಧವೆ ಹುಡುಗಿ ಓದಿ ಮತ್ತೆ ಮದುವೆ ಆಗೋ ಕತೆ, ಆ ಕಾಲಕ್ಕೆ! ಸ್ವಲ್ಪ ಧೈರ್ಯ ಇದ್ರೆ ಮುದ್ದಣನ 'ಶ್ರೀರಾಮಾಶ್ವಮೇಧಂ'. ಉಡುಪೀಲಿ ಡ್ರಿಲ್ ಮೇಷ್ಟ್ರಾಗಿದ್ದ ಮನುಷ್ಯ ಹಳೆಗನ್ನಡದ ಧಾಟೀಲಿ ಬರೆದಿದ್ದು, ಆದ್ರೆ ಮಧ್ಯೆ ಮಧ್ಯೆ ಕತೆ ಕೇಳೋ ಹೆಂಡ್ತಿ ಮನೋರಮೆ ಗಂಡನ ಕಾಲೆಳೀತಾ ಇರ್ತಾಳೆ, ಅಲ್ಲಿ ಅರ್ಥಕೋಶ ಕೆಳಗಿಟ್ಟು ನಗ್ತೀರ. ಹಳೆಗನ್ನಡಕ್ಕೆ ಕಿವಿ ಪಳಗಿಸೋಕೆ ಇದಕ್ಕಿಂತ ಒಳ್ಳೆ ದಾರಿ ನಂಗಂತೂ ಕಂಡಿಲ್ಲ. ಅಕ್ಟೋಬರ್‌ಗೆ ವಚನ ಅಥವಾ ಕೀರ್ತನೆ, ದಿನಕ್ಕೆ ಒಂದೇ.

[ಸ್ಕ್ರೀನ್ ಮೇಲೆ: ನವೆಂಬರ್, ಡಿಸೆಂಬರ್ – ಒಂದೇ ಪಾತ್ರ, ಇಬ್ಬರು ಕವಿಗಳು]

ಕರ್ಣನನ್ನ ತಗೊಳ್ಳಿ. ನವೆಂಬರಲ್ಲಿ ಕುಮಾರವ್ಯಾಸ, ಡಿಸೆಂಬರಲ್ಲಿ ಪಂಪ. ಇಡೀ ಭಾರತ ಓದೋದು ಬೇಡ, ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣಂಗೆ ಅವನ ಹುಟ್ಟಿನ ಗುಟ್ಟು ಹೇಳೋ ಭಾಗ ಸಾಕು. ಎಸ್ಸೆಸ್ಸೆಲ್ಸೀಲಿ 'ಕೌರವೇಂದ್ರನ ಕೊಂದೆ ನೀನು' ಪಾಠ ಓದಿದೋರಿಗೆ ಗೊತ್ತಿರತ್ತೆ, 'ಇನತನೂಜನ ಕೂಡೆ ಮೈದುನತನದ ಸರಸವನೆಸಗಿ' ಅಂತ ಶುರುವಾಗತ್ತೆ (ಇನತನೂಜ ಅಂದ್ರೆ ಸೂರ್ಯನ ಮಗ, ಕರ್ಣ). ಕಣ್ಣಲ್ಲಿ ಓದಿದ್ರೆ ಕಷ್ಟ, ಬಾಯಲ್ಲಿ ಓದಿ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು, ಅಷ್ಟೇ ಲೆಕ್ಕ: ಇನತ | ನೂಜನ | ಕೂಡೆ | ಮೈದುನ | ತನದ | ಸರಸವ | ನೆಸಗಿ | ರಥದೊಳು. ತೊಡೆ ಮೇಲೆ ಬೆರಳು ಬಡೀತಾ ನಾಲ್ಕೈದು ಸಲ ಹೇಳಿ, ಭಾಮಿನಿ ಷಟ್ಪದಿ ಅನ್ನೋ ಈ ಛಂದಸ್ಸು ನಾಲಿಗೆಗೆ ಹತ್ಕೊಳತ್ತೆ, ಅರ್ಥ ಆಮೇಲೆ ತಾನೇ ಬಿಚ್ಕೊಳತ್ತೆ. ಮತ್ತೆ ಆ ಮೊದಲ ಪದ್ಯದಲ್ಲೇ ನೋಡಿ ಕೃಷ್ಣನ ಕಿಲಾಡಿತನ, ಗುಟ್ಟು ಇನ್ನೂ ಬಾಯಿ ಬಿಟ್ಟಿಲ್ಲ, ಆಗ್ಲೇ ಮೈದುನನ ಸಲುಗೆ, ಎಳೆದು ರಥದಲ್ಲಿ ಪಕ್ಕ ಕೂರಿಸ್ಕೊಂಡಾಗಿದೆ. ಜೊತೆಗೆ ಯೂಟ್ಯೂಬಲ್ಲಿ ಗಮಕ, ಅಂದ್ರೆ ಕಾವ್ಯಾನ ರಾಗವಾಗಿ ಓದೋದು, ಹಾಕ್ಕೊಂಡು ಕೇಳಿ.

ಡಿಸೆಂಬರಲ್ಲಿ ಪಂಪ, ಕ್ರಿ.ಶ. 941ರ ಕಾವ್ಯ. ಕೈಯಲ್ಲಿ ಎಲ್. ಬಸವರಾಜು ಅವರ 'ಸರಳ ಪಂಪಭಾರತ' ಇರ್ಲಿ, ನಾಚಿಕೆ ಪಡ್ಬೇಡಿ. ಕರ್ಣ ಸತ್ತ ಮೇಲೆ 'ನೆನೆಯದಿರಣ್ಣ ಭಾರತದೊಳಿನ್ ಪೆರರಾರುಮನ್' ಅಂತ ಒಂದು ಪದ್ಯ ಬರತ್ತೆ, ಬೇರೆ ಯಾರನ್ನೂ ನೆನೀಬೇಡ, ನೆನೆಯೋದಾದ್ರೆ ಕರ್ಣನನ್ನ ನೆನೆ ಅಂತ. ಅರ್ಜುನನನ್ನ ತನ್ನ ರಾಜ ಅರಿಕೇಸರಿಗೆ ಹೋಲಿಸಿ ಬರೀತಿರೋ ಕವಿ, ಎದುರಾಳಿಗೆ ಹೀಗೆ ಬರೀತಾನೆ. ಆ ಪದ್ಯದ ಹಿಂದೆ ಮುಂದೆ ಇಪ್ಪತ್ತು ಪದ್ಯ ಓದಿದ್ರೆ ಡಿಸೆಂಬರ್ ಕೋಟಾ ಮುಗೀತು.

ಈ ಪ್ರಾಂಪ್ಟ್‌ಗಳ ಇಮೇಜ್ ಡಿಸ್ಕ್ರಿಪ್ಶನಲ್ಲಿ ಹಾಕಿದೀನಿ. ಮೇ ತಿಂಗಳ ನಕ್ಷೇಲಿ ಬೀದರ್, ರಾಯಚೂರು, ಕೋಲಾರ ಖಾಲಿ ಬಿಟ್ಟಿದೀನಿ, ಆ ಕಡೆಯೋರು ಯಾವ ಪುಸ್ತಕ ಅಂತ ಹೇಳಿ, ಮುಂದಿನ ವಿಡಿಯೋದಲ್ಲಿ ಸೇರಿಸ್ತೀನಿ.