ಒಳಮೈ ತಿರುಗಿಸಿ ನೋಡಿ: ಹಸುಗೂಸಿಗೆ ದುಬಾರಿ ಉಡುಪು ಕೊಳ್ಳುವ ಮುನ್ನ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಮಗಳೋ ಸೊಸೆಯೋ ಬಸುರಿಯಾಗಿದ್ದರೆ, ಇಲ್ಲವೇ ಬರುವ ವಾರ ನೆಂಟರ ಮನೆಯ ನಾಮಕರಣಕ್ಕೆ ಉಡುಗೊರೆ ಕೊಳ್ಳಲು ಹೊರಟಿದ್ದರೆ, ಇಂದಿನ ಮಾತು ನಿಮಗಾಗಿಯೇ. ಹಸುಗೂಸಿಗೆ ಸಾವಿರಾರು ರೂಪಾಯಿ ಕೊಟ್ಟು ಡಿಸೈನರ್ ಉಡುಪು ತರಬೇಕೇ? ಬೇಡ. ಯಾಕೆ ಬೇಡ ಎಂದು ತಿಳಿದುಕೊಂಡರೆ ಚಿಕ್ಕಪೇಟೆಯಲ್ಲಿ ಮುನ್ನೂರು ರೂಪಾಯಿಯ ಅಂಗಿ ಆರಿಸುವಾಗಲೂ ಅದೇ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ. ನಾನು ಹೇಳುವುದು ಒಂದೇ ಮಾತು, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ: ಅಂಗಿಯ ಒಳಮೈ ತಿರುಗಿಸಿ ನೋಡಿ. ಮಗುವಿನ ಮೈಗೆ ತಾಗುವುದು ಒಳಮೈ. ಹೊರಮೈ ಇರುವುದು ನೋಡುವವರಿಗೆ.

ಮೊದಲು ಲೆಕ್ಕ. ಹುಟ್ಟಿದ ಮಗು ಸುಮಾರು 50 ಸೆಂಟಿಮೀಟರ್ ಉದ್ದ, ಮೂರು ಕಿಲೋ ಆಸುಪಾಸು ತೂಕ. ಐದು ತಿಂಗಳಿಗೆ ತೂಕ ಇಮ್ಮಡಿ, ವರ್ಷ ತುಂಬುವಾಗ ಮೂರು ಪಟ್ಟು. ಉದ್ದ 75 ಸೆಂಟಿಮೀಟರ್ ಮುಟ್ಟುತ್ತದೆ. ಮಕ್ಕಳ ಉಡುಪಿನ ಅಳತೆ ನಡೆಯುವುದು ಉದ್ದದ ಮೇಲೆ: 56, 62, 68, 74, 80, ಹೀಗೆ ಆರಾರು ಸೆಂಟಿಮೀಟರಿಗೆ ಒಂದೊಂದು. ಅಂದರೆ ಮೊದಲ ವರ್ಷದಲ್ಲೇ ಮಗು ನಾಲ್ಕೈದು ಅಳತೆ ದಾಟುತ್ತದೆ. ಒಂದು ಅಂಗಿಯ ಆಯುಸ್ಸು ಎರಡರಿಂದ ಮೂರು ತಿಂಗಳು. ಅದರಲ್ಲೂ ‘ಒಳ್ಳೆಯ ಬಟ್ಟೆ, ಹೊರಗೆ ಹೋಗುವಾಗ ಹಾಕೋಣ’ ಎಂದು ಎತ್ತಿಟ್ಟ ಉಡುಪು ಮೈಗೆ ಏರುವುದು ಎರಡೇ ಸಲ, ಹೆಚ್ಚೆಂದರೆ ಮೂರು.

ಇನ್ನು ಬೆಲೆ. ಆರು ತಿಂಗಳ ಮಗುವಿನ ರಾಂಪರ್‌ಗೆ, ಅಂದರೆ ಅಂಗಿ ಚಡ್ಡಿ ಕೂಡಿದ ಒಂದೇ ಉಡುಪಿಗೆ, ಬೇಕಾಗುವ ಬನಿಯನ್ ಬಟ್ಟೆ, ಕತ್ತರಿಸುವಾಗ ವ್ಯರ್ಥವಾಗುವುದನ್ನೂ ಸೇರಿಸಿ, ಸುಮಾರು ನೂರು ಗ್ರಾಂ. ಒಂದು ಕಿಲೋ ಬಟ್ಟೆಯಲ್ಲಿ ಒಂಬತ್ತು ಹತ್ತು ರಾಂಪರ್ ಏಳುತ್ತವೆ. ತಿರುಪ್ಪೂರಿನಲ್ಲಿ ಸಿಗುವ ಅತಿ ಒಳ್ಳೆಯ ಹತ್ತಿ ಬಟ್ಟೆ ಹಾಕಿದರೂ ಒಂದು ರಾಂಪರ್‌ಗೆ ಬಟ್ಟೆಯ ಖರ್ಚು ನೂರು ರೂಪಾಯಿ ದಾಟುವುದು ಕಷ್ಟ. ಹಾಗಾದರೆ ಹತ್ತು ಸಾವಿರದ ಬೆಲೆ ಎಲ್ಲಿಂದ ಬಂತು? ಹೆಸರಿಗೆ, ಪೆಟ್ಟಿಗೆಗೆ, ಮಾಲ್‌ನ ಬಾಡಿಗೆಗೆ, ಹೊರಮೈಯ ಕಸೂತಿಗೆ. ಜೊತೆಗೆ ತೆರಿಗೆಯೂ ಉಂಟು. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಬೆಲೆ 2,500 ರೂಪಾಯಿಯೊಳಗೆ ಇದ್ದರೆ ಜಿಎಸ್‌ಟಿ ಶೇಕಡಾ 5, ಅದನ್ನು ದಾಟಿದರೆ ಶೇಕಡಾ 18. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ನಮ್ಮ ಹೆಣ್ಣುಮಕ್ಕಳು ಹೊರದೇಶಕ್ಕೆ ಹೊಲಿದು ಕಳಿಸುವ ಉಡುಪನ್ನೇ ಎಷ್ಟೋ ಸಲ ಬೇರೆ ಲೇಬಲ್ಲಿನಡಿ ನಾವು ಹಲವು ಪಟ್ಟು ಬೆಲೆಗೆ ಕೊಳ್ಳುತ್ತೇವೆ. ಹೊಲಿಗೆ ಅದೇ, ಯಂತ್ರವೂ ಅದೇ.

ಈಗ ಒಂದು ಫ್ರಾಕಿನ ವಿಷಯ ಹೇಳುತ್ತೇನೆ. ಬಸವನಗುಡಿಯ ಕಡೆಯ ಒಂದು ಕುಟುಂಬ, ಮೂರು ತಿಂಗಳ ಹೆಣ್ಣುಮಗುವಿನ ನಾಮಕರಣ. ಸೋದರಮಾವ ಪ್ರೀತಿಯಿಂದ ಹನ್ನೆರಡು ಸಾವಿರ ಕೊಟ್ಟು ಫ್ರಾಕ್ ತಂದಿದ್ದರು. ತಿಳಿಗುಲಾಬಿ ಬಣ್ಣ, ಎದೆಯ ಮೇಲೆ ಚಮಕಿ, ಕೆಳಗೆ ಕೊಡೆಯ ಹಾಗೆ ಬಿಚ್ಚಿಕೊಂಡ ನೆಟ್. ಹಾಕಿದ ಹತ್ತು ನಿಮಿಷಕ್ಕೆ ಮಗು ಅಳಲು ಶುರು ಮಾಡಿತು. ಹಸಿವೆಂದರು, ಹಾಲು ಕೊಟ್ಟಾಯಿತು. ಹೊಟ್ಟೆ ಉಬ್ಬರವೆಂದರು, ಬೆನ್ನು ತಟ್ಟಿದ್ದಾಯಿತು. ದೃಷ್ಟಿಯೆಂದರು, ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. ಹೆಗಲಿಗೆ ಹಾಕಿಕೊಂಡರೆ ಮಗು ಸುಮ್ಮನಾಗುತ್ತದೆ, ತೊಟ್ಟಿಲಲ್ಲಿ ಮಲಗಿಸಿದ ಕೂಡಲೇ ಚೀರುತ್ತದೆ. ಈ ಗುರುತು ನೆನಪಿಟ್ಟುಕೊಳ್ಳಿ: ಅಂಗಾತ ಮಲಗಿಸಿದಾಗ ಮಾತ್ರ ಅಳುವ ಮಗುವಿನ ಬೆನ್ನನ್ನು ಮೊದಲು ನೋಡಬೇಕು. ಕಡೆಗೆ ಫ್ರಾಕ್ ಬಿಚ್ಚಿದಾಗ ಬೆನ್ನುಮೂಳೆಯ ಉದ್ದಕ್ಕೂ ಜಿಪ್‌ನ ಹಲ್ಲಿನ ಅಚ್ಚು, ಸೊಂಟದ ಸುತ್ತ ಕೆಂಪು ಗೆರೆ, ಕತ್ತಿನ ಹಿಂದೆ ಕೆರೆದ ಗುರುತು.

ಅಷ್ಟು ಬೆಲೆಯದು, ಬಿಸಾಡುವುದು ಹೇಗೆ ಎಂದು ಮನೆಯವರು ಅದನ್ನು ದರ್ಜಿಯ ಹತ್ತಿರ ಒಯ್ದರು, ಒಳಗೆ ಮೆತ್ತನೆಯ ಲೈನಿಂಗ್ ಹಾಕಿಕೊಡಿ ಎಂದು. ಆತ ಸೊಂಟದ ಹೊಲಿಗೆ ಬಿಚ್ಚಿದ. ಅಲ್ಲಿ ಏನೇನಿತ್ತು ಕೇಳಿ. ಮೇಲೆ ಒಂದು ಪದರ ಮೆತ್ತನೆಯ ನೆಟ್. ಅದರ ಕೆಳಗೆ ಎರಡು ಪದರ ಕ್ಯಾನ್‌ಕ್ಯಾನ್, ಅಂದರೆ ಬಿರುಸಾಗಿ ನಿಲ್ಲಲೆಂದು ರಾಳ ಹಚ್ಚಿದ ನೈಲಾನ್ ಬಲೆ. ಅದರ ಕೆಳಗೆ ಪಾಲಿಯೆಸ್ಟರ್ ಸ್ಯಾಟಿನ್ ಲೈನಿಂಗ್, ಬೆವರು ಹೀರದ ಬಟ್ಟೆ. ಈ ನಾಲ್ಕೂ ಪದರ ಸೊಂಟದಲ್ಲಿ ಒಟ್ಟುಗೂಡಿ, ಓವರ್‌ಲಾಕ್ ಆಗಿ, ಕತ್ತರಿಸಿದ ಅಂಚು ನೇರವಾಗಿ ಮಗುವಿನ ಹೊಟ್ಟೆಯ ಕಡೆ ತಿರುಗಿತ್ತು. ಕತ್ತರಿಸಿದ ನೆಟ್‌ನ ಅಂಚೆಂದರೆ ನೂರಾರು ಸಣ್ಣ ಮುಳ್ಳು. ಎದೆಯ ಚಮಕಿ ಹೊಲಿದದ್ದು ಪಾರದರ್ಶಕ ನೈಲಾನ್ ದಾರದಲ್ಲಿ. ಆ ದಾರ ಯಾಕೆ ಬಳಸುತ್ತಾರೆ ಗೊತ್ತೇ? ಯಾವ ಬಣ್ಣದ ಬಟ್ಟೆಗಾದರೂ ಹೊಂದುತ್ತದೆ, ಬಣ್ಣಬಣ್ಣದ ದಾರ ಬದಲಿಸುವ ಕೆಲಸವಿಲ್ಲ. ಆದರೆ ಅದರ ತುದಿ ತಂತಿಯಷ್ಟೇ ಬಿರುಸು, ಒಗೆದರೂ ಮೆತ್ತಗಾಗುವುದಿಲ್ಲ. ಕಸೂತಿಯ ಹಿಂಬದಿಗೆ ಕೊಟ್ಟಿದ್ದ ಕಾಗದದಂಥ ಬಟ್ಟೆಯನ್ನು ಅರ್ಧ ಹರಿದು ಅರ್ಧ ಹಾಗೇ ಬಿಟ್ಟಿದ್ದರು. ಕತ್ತಿನಲ್ಲಿ ಮೂರು ಲೇಬಲ್. ನೇಯ್ದ ಲೇಬಲ್ಲಿನ ಅಂಚನ್ನು ಬಿಸಿ ಅಲಗಿನಿಂದ ಕತ್ತರಿಸುವುದರಿಂದ ಅದು ಕರಗಿ, ಆರಿ, ಗಟ್ಟಿ ಗೆರೆಯಾಗಿ ನಿಲ್ಲುತ್ತದೆ. ಕೆರೆದದ್ದು ಅದೇ.

ದರ್ಜಿ ಕೆಲಸ ಬಲ್ಲವನು. ಮಲ್ ಬಟ್ಟೆಯಲ್ಲಿ, ಅಂದರೆ ತೆಳು ಮೆತ್ತನೆಯ ಹತ್ತಿಯಲ್ಲಿ, ಪೂರ್ತಿ ಒಳಅಂಗಿ ಮಾಡಿ, ಅದರ ಹೊಲಿಗೆಯೆಲ್ಲ ಹೊರಗಡೆಗೆ, ಅಂದರೆ ಫ್ರಾಕಿನ ಕಡೆಗೆ ಬರುವಂತೆ ತಿರುಗಿಸಿ ಕೂಡಿಸಿದ. ಜಿಪ್‌ನ ಒಳಬದಿಗೆ ಒಂದೂವರೆ ಇಂಚಿನ ಪಟ್ಟಿ ಕೊಟ್ಟ. ಲೇಬಲ್ ಬಿಚ್ಚಿದ. ಚೊಕ್ಕ ಕೆಲಸ. ಆದರೆ ಮದುವೆಯ ಸೀಸನ್, ಕೈಗೆ ಬಂದಾಗ ಮೂರು ವಾರ ಕಳೆದಿತ್ತು. ಮಗುವಿನ ಎದೆಗೆ ಜಿಪ್ ಏರಲಿಲ್ಲ. ಹನ್ನೆರಡು ಸಾವಿರದ ಫ್ರಾಕ್ ಮಗುವಿನ ಮೈಮೇಲಿದ್ದದ್ದು ಒಂದು ಗಂಟೆಯೂ ಅಲ್ಲ, ಅಷ್ಟು ಹೊತ್ತೂ ಅಳು.

ಅಂಗಡಿಯಲ್ಲೇ ಒಮ್ಮೆ ತಿರುಗಿಸಿ ನೋಡಿದ್ದರೆ ಅರ್ಧ ನಿಮಿಷದಲ್ಲಿ ಇಷ್ಟೂ ಕಾಣುತ್ತಿತ್ತು. ಅಂಗಡಿಯವರು ‘ಹಾಗೆಲ್ಲ ಬಿಚ್ಚಬೇಡಿ, ಮಡಿಕೆ ಹಾಳಾಗುತ್ತದೆ’ ಎಂದರೆ ಅಲ್ಲಿ ಕೊಳ್ಳಬೇಡಿ. ಒಳಮೈಯನ್ನು ನಿಮ್ಮ ಮೊಣಕೈಯ ಒಳಭಾಗಕ್ಕೆ ಉಜ್ಜಿ, ಅಂಗೈಗೆ ಬೇಡ, ಅಂಗೈ ಕೆಲಸ ಮಾಡಿ ಮಾಡಿ ಒರಟಾಗಿರುತ್ತದೆ. ಕಸೂತಿ ಇದ್ದರೆ ಹಿಂಬದಿಗೆ ಮೆತ್ತನೆಯ ಬಟ್ಟೆ ಅಂಟಿಸಿ ಮುಚ್ಚಿರಬೇಕು. ಟಿಚ್ ಬಟನ್ ಎರಡೂ ಕಡೆ ಹಿಡಿದು ಜೋರಾಗಿ ಎಳೆಯಿರಿ. ಬಟನ್ ಕೂತ ಜಾಗದಲ್ಲಿ ಎರಡು ಪದರ ಬಟ್ಟೆಯಾದರೂ ಇರಬೇಕು, ಒಂದೇ ಪದರವಿದ್ದರೆ ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ಬಟ್ಟೆ ಹರಿದು ಬಟನ್ ಕೈಗೆ ಬರುತ್ತದೆ. ಮಗುವಿನ ಕೈಗೆ ಬಂದದ್ದು ಬಾಯಿಗೇ ಹೋಗುವುದು. ಹೊರದೇಶಗಳಲ್ಲಿ ಆಟಿಕೆ ಪರೀಕ್ಷೆಗೆ 31.7 ಮಿಲಿಮೀಟರ್ ಅಗಲದ ಕೊಳವೆ ಇಟ್ಟಿರುತ್ತಾರೆ, ಅದರೊಳಗೆ ಹೋಗುವ ಯಾವುದೇ ತುಣುಕು ಮೂರು ವರ್ಷದೊಳಗಿನ ಮಗುವಿಗೆ ಅಪಾಯವೆಂದು ಲೆಕ್ಕ. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್, ಅದೂ ಆ ಕೊಳವೆಯೊಳಗೆ ಹೋಗುತ್ತದೆ. ಆ ಕೊಳವೆಯೊಳಗೆ ಹೋಗುವಷ್ಟು ಸಣ್ಣ ಮಣಿ, ಗುಂಡಿ, ಲೋಹದ ಹೂವು ಯಾವುದೂ ಹಸುಗೂಸಿನ ಅಂಗಿಯ ಮೇಲೆ ಬೇಡ. ಟೋಪಿಗೆ, ಕುತ್ತಿಗೆಗೆ ದಾರವೂ ಬೇಡ. ಯುರೋಪಿನ ನಿಯಮದಲ್ಲಿ ಏಳು ವರ್ಷದೊಳಗಿನ ಮಕ್ಕಳ ಉಡುಪಿಗೆ ಕತ್ತಿನ ಬಳಿ ಎಳೆದು ಕಟ್ಟುವ ದಾರ ಇಡುವಂತೆಯೇ ಇಲ್ಲ, ಎಲ್ಲಿಗಾದರೂ ಸಿಕ್ಕಿಕೊಂಡರೆ ಕತ್ತು ಬಿಗಿಯುತ್ತದೆಂದು.

ತಲೆಯಿಂದ ಹಾಕುವ ಅಂಗಿಯಾದರೆ ಕುತ್ತಿಗೆಯನ್ನು ಎರಡೂ ಕೈಯಿಂದ ಎಳೆದು ನೋಡಿ, ಒಂದು ಗೇಣು ಅಗಲವಾಗಬೇಕು, ಬಿಟ್ಟ ಕೂಡಲೇ ಮೊದಲಿನಂತೆ ಮುದುರಬೇಕು. ಹುಟ್ಟಿದ ಮಗುವಿನ ತಲೆಯ ಸುತ್ತಳತೆ 34, 35 ಸೆಂಟಿಮೀಟರ್, ವರ್ಷಕ್ಕೆ 45 ದಾಟುತ್ತದೆ. ಬಣ್ಣ ಗಾಢವಾಗಿದ್ದರೆ ಬಿಳಿ ಕರ್ಚೀಫ್ ಒದ್ದೆ ಮಾಡಿ ಹತ್ತು ಸಲ ಉಜ್ಜಿ. ಬಣ್ಣ ಹತ್ತಿತೋ, ಅಲ್ಲೇ ಬಿಡಿ. ಲೇಬಲ್ ನೋಡುವುದೇ ಆದರೆ ಡಿಸೈನರ್ ಹೆಸರನ್ನಲ್ಲ, ಎರಡು ಗುರುತು ನೋಡಿ. ಒಂದು ಓಇಕೋ-ಟೆಕ್ಸ್ ಸ್ಟ್ಯಾಂಡರ್ಡ್ 100, ಅದರಲ್ಲಿ ಒಂದನೇ ವರ್ಗ. ಮೂರು ವರ್ಷದವರೆಗಿನ ಮಕ್ಕಳ ಬಟ್ಟೆಗೆಂದೇ ಇರುವ ವರ್ಗ ಅದು, ರಾಸಾಯನಿಕಗಳ ಮಿತಿ ಅಲ್ಲಿ ಅತಿ ಬಿಗಿ. ಇನ್ನೊಂದು ಜಿಓಟಿಎಸ್, ಸಾವಯವ ಬಟ್ಟೆಗೆ ಕೊಡುವ ಜಾಗತಿಕ ಗುರುತು. ಅದರಲ್ಲಿ ‘ಆರ್ಗ್ಯಾನಿಕ್’ ಎಂದು ಬರೆಯಲು ಕನಿಷ್ಠ ಶೇಕಡಾ 95 ಸಾವಯವ ನಾರಿರಬೇಕು. ಈ ಗುರುತಿನ ಅಂಗಿಗಳು ಐನೂರು ಆರುನೂರಕ್ಕೂ ಸಿಗುತ್ತವೆ.

ಸಮಯ ಓಡುತ್ತಿದೆ, ಆದರೆ ಕಾಲುಚೀಲದ ವಿಷಯ ಹೇಳದೆ ಮುಂದೆ ಹೋಗಲಾರೆ. ಕೈಗವಸು, ಕಾಲುಚೀಲದ ಒಳಗೆ ಬಿಡಿ ದಾರವೋ ಕೂದಲೋ ಇದ್ದರೆ ಅದು ಮಗುವಿನ ಬೆರಳಿಗೆ ಸುತ್ತಿಕೊಳ್ಳುತ್ತದೆ. ಬಾಣಂತಿಯರ ಕೂದಲು ಮೂರನೇ ತಿಂಗಳ ಹೊತ್ತಿಗೆ ಹೆಚ್ಚು ಉದುರುತ್ತದೆ, ಒಗೆಯುವಾಗ ಚೀಲದೊಳಗೆ ಸೇರುತ್ತದೆ. ಒದ್ದೆ ಕೂದಲು ಒಣಗುತ್ತಾ ಕುಗ್ಗಿ ಬಿಗಿಯುತ್ತದೆ, ಬೆರಳಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಮಗು ಬಿಡದೆ ಅಳುತ್ತಿದ್ದರೆ ಕಾಲುಚೀಲ ಬಿಚ್ಚಿ ಒಂದೊಂದೇ ಬೆರಳು ನೋಡಿ. ಬೆರಳು ಊದಿ ಕೆಂಪಗಾಗಿದ್ದು ದಾರ ಕಾಣದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೊರಡಿ. ಪ್ರತಿ ಸಲ ಹಾಕುವ ಮುಂಚೆ ಒಳಮೈ ತಿರುಗಿಸಿ ನೋಡಿ. ದಯವಿಟ್ಟು ನೋಡಿ.

ಹಾಗಾದರೆ ಸಮಾರಂಭಕ್ಕೆ ಏನು ಹಾಕುವುದು? ರೇಷ್ಮೆ ಲಂಗ ಹೊಲಿಸಿ, ನಮ್ಮ ಅಜ್ಜಿಯರು ಹೊಲಿಸುತ್ತಿದ್ದ ಹಾಗೆ: ಸೊಂಟದ ಕೆಳಗೆ ಎರಡೆರಡು ಇಂಚಿನ ಮೂರು ಮಡಿಕೆ ಹಿಡಿದು, ಒಳಗೆ ಪೂರ್ತಿ ಮಲ್ ಲೈನಿಂಗ್, ಜರಿ ಅಂಚು ಕಾಲಿಗೆ ತಾಗದಂತೆ ಒಳಬದಿಗೆ ಬಟ್ಟೆಯ ಪಟ್ಟಿ. ರವಿಕೆಯ ಪಕ್ಕದಲ್ಲಿ ಒಂದೊಂದು ಇಂಚು ಬಿಟ್ಟಿರಲಿ. ಮಗು ಬೆಳೆದಂತೆ ಒಂದೊಂದೇ ಮಡಿಕೆ ಬಿಚ್ಚಿದರೆ ಎರಡು ಮೂರು ವರ್ಷ ಬರುತ್ತದೆ. ದುಡ್ಡು ಹಾಕುವುದಿದ್ದರೆ ಇಂಥದ್ದಕ್ಕೆ ಹಾಕಿ, ನಾನು ಬೇಡವೆನ್ನುವುದಿಲ್ಲ. ಗಂಡುಮಗುವಿಗೆ ತೆಳು ಹತ್ತಿಯ ಜುಬ್ಬ ಸಾಕು.

ದಿನಬಳಕೆಗೆ ಮೊದಲ ಮೂರು ತಿಂಗಳು ಇಷ್ಟು ಸಾಕು: ಮುಂದೆ ಕಟ್ಟುವ ಜಬ್ಲಾ ಎಂಟು ಹತ್ತು, ಲಂಗೋಟಿ ಎರಡು ಡಜನ್, ಚಡ್ಡಿ ಐದು, ಕುಲಾವಿ ಎರಡು, ಸುತ್ತುವ ಮಲ್ ಬಟ್ಟೆ ನಾಲ್ಕು, ಸ್ವೆಟರ್ ಎರಡು. ಅಕ್ಕನ ಮಗುವಿನ ಹಳೆಯ ಅಂಗಿ ಸಿಕ್ಕಿದರೆ ಸಂತೋಷದಿಂದ ತೆಗೆದುಕೊಳ್ಳಿ. ಹತ್ತಾರು ಸಲ ಒಗೆದು ಮಿಲ್ಲಿನ ಗಂಜಿ, ರಾಸಾಯನಿಕ ಬಹುಪಾಲು ಹೋಗಿರುತ್ತದೆ, ಎಲಾಸ್ಟಿಕ್ ಮತ್ತು ಬಟನ್ ಮಾತ್ರ ಪರೀಕ್ಷಿಸಿ. ಹೊಸದನ್ನು ಎರಡು ಸಲ ಒಗೆದೇ ಹಾಕಬೇಕು, ಸೋಪು ಉಳಿಯದಂತೆ ಒಂದು ಸಲ ಹೆಚ್ಚಿಗೆ ಜಾಲಿಸಿ. ಪರಿಮಳದ ಸಾಫ್ಟನರ್ ಬೇಡ. ಅದು ದಾರದ ಮೇಲೆ ಜಿಡ್ಡಿನ ಹಾಗೆ ಕೂತು ಬಟ್ಟೆ ಬೆವರು ಹೀರುವುದನ್ನು ಕಡಿಮೆ ಮಾಡುತ್ತದೆ.

ಚಳಿಯ ಬಗ್ಗೆ ಎರಡು ಮಾತು. ಬೆಂಗಳೂರಿನ ಡಿಸೆಂಬರ್ ರಾತ್ರಿ 15, 16 ಡಿಗ್ರಿಗೆ ಇಳಿದರೂ ಮುಚ್ಚಿದ ಕೋಣೆಯಲ್ಲಿ ಅಷ್ಟು ಚಳಿ ಇರುವುದಿಲ್ಲ. ನಿಮಗಿಂತ ಒಂದು ಪದರ ಹೆಚ್ಚು ಸಾಕು. ಕೈಕಾಲು ಮುಟ್ಟಿ ತಣ್ಣಗಿದೆ ಎಂದು ಇನ್ನೊಂದು ಉಣ್ಣೆ ಹೇರಬೇಡಿ, ಹಸುಗೂಸಿನ ಕೈಕಾಲು ಸಾಮಾನ್ಯವಾಗಿ ತಣ್ಣಗೇ ಇರುತ್ತದೆ. ಕತ್ತಿನ ಹಿಂಭಾಗ ಮುಟ್ಟಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಮನೆಯೊಳಗೆ ಮಲಗಿಸುವಾಗ ಕುಲಾವಿ ತೆಗೆದುಬಿಡಿ.

ಉಡುಗೊರೆ ಕೊಡುವವರೇ, ಕಡೆಯದಾಗಿ ನಿಮಗೆ. ನಾಮಕರಣದ ಮನೆಗೆ ಎಲ್ಲರೂ ತರುವುದು ಸೊನ್ನೆಯಿಂದ ಮೂರು ತಿಂಗಳ ಅಳತೆ. ಆ ಮನೆಯಲ್ಲಿ ಅದು ಈಗಾಗಲೇ ರಾಶಿ ಬಿದ್ದಿದೆ. ನೀವು ಆರರಿಂದ ಒಂಬತ್ತು ತಿಂಗಳ ಅಳತೆ ಕೊಡಿ, ಆ ತಿಂಗಳು ಯಾವ ಕಾಲಕ್ಕೆ ಬರುತ್ತದೆಂದು ಎಣಿಸಿ ಕೊಡಿ. ಜೂನ್‌ನಲ್ಲಿ ಹುಟ್ಟಿದ ಮಗುವಿಗೆ ಆರು ತಿಂಗಳು ತುಂಬುವುದು ಡಿಸೆಂಬರ್‌ನಲ್ಲಿ, ಅದಕ್ಕೆ ಉದ್ದ ತೋಳಿನದು. ಅಕ್ಟೋಬರ್ ಮಗುವಿಗೆ ಆರು ತಿಂಗಳಾಗುವುದು ಏಪ್ರಿಲ್ ಬಿಸಿಲಲ್ಲಿ, ಅದಕ್ಕೆ ತೋಳಿಲ್ಲದ ತೆಳು ಹತ್ತಿ. ಬಿಲ್ಲನ್ನೂ ಪೊಟ್ಟಣದಲ್ಲೇ ಇಟ್ಟು ಕೊಡಿ. ಅಳತೆ ಹೊಂದದಿದ್ದರೆ ಬದಲಾಯಿಸಿಕೊಳ್ಳಲಿ, ಅದರಲ್ಲಿ ಸಂಕೋಚ ಪಡುವಂಥದ್ದೇನಿಲ್ಲ.

ನಮಸ್ಕಾರ.